ಮಣಿ ಕೆಲಸ: ಹವ್ಯಾಸದಿಂದ ಕ್ಲಾಸಿಗೆ, ಕ್ಲಾಸಿಂದ ಪುಸ್ತಕಕ್ಕೆ – ಅನುಭವ ಇದ್ದವರು ದಯವಿಟ್ಟು ಹೇಳಿ

ಸೂಜಿಮೊನೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪೂರ್ತಿ ಓದಿ ಹೇಳಿ.

ನಾನು ಗಾಜಿನ ಸಣ್ಣ ಮಣಿಗಳಲ್ಲಿ ಹೆಣಿಗೆ ಕೆಲಸ ಮಾಡ್ತೀನಿ. ಮೊದಲು ಕಲಿತಿದ್ದು ನಮ್ಮತ್ತೆ ಹತ್ರ. ಅವರು ತಂಗೂಸಿಯಲ್ಲಿ ಬಾಗಿಲ ತೋರಣ, ಮದುವೆ ತೆಂಗಿನಕಾಯಿಗೆ ಮಣಿ ಹೊದಿಕೆ, ಶೋಕೇಸಿಗೆ ಹಂಸ, ದ್ರಾಕ್ಷಿಗೊಂಚಲು ಎಲ್ಲಾ ಮಾಡೋರು. ಆಮೇಲೆ ನಾನೇ ನೋಡಿ ನೋಡಿ ಪೇಯೋಟಿ, ಬ್ರಿಕ್, ಹೆರಿಂಗ್‌ಬೋನ್ ಹೊಲಿಗೆಗಳನ್ನ ಕಲಿತೆ. ಈಗ ಓಲೆ, ಪದಕ, ಕೈಪಟ್ಟಿ ಎಲ್ಲಾ ನನ್ನದೇ ವಿನ್ಯಾಸ. ಪ್ರತಿಯೊಂದನ್ನೂ ಗ್ರಾಫ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್‌ನಲ್ಲಿ ಬರೆದಿಟ್ಟಿದೀನಿ.

ನಮ್ಮ ಬೀದಿಯವರು, ಮಗಳ ಸ್ಕೂಲಿನ ತಾಯಂದಿರು ಕಲಿಸಿಕೊಡಿ ಅಂತ ಬಹಳ ದಿನದಿಂದ ಕೇಳ್ತಿದಾರೆ. ನನ್ನ ಹತ್ರ ಯಾವ ಸರ್ಟಿಫಿಕೇಟೂ ಇಲ್ಲ. ಕಲಿಸಬಹುದಾ? ಇನ್ನೊಂದು ಆಸೆ, ಈ ಗ್ರಾಫ್‌ಗಳನ್ನ ಕನ್ನಡದಲ್ಲಿ ಒಂದು ಪುಸ್ತಕ ಮಾಡಬೇಕು ಅಂತ. ಮೊದಲು ಪುಸ್ತಕ ಮಾಡಿದ್ರೆ ಕಲಿಸೋಕೆ ಒಂದು ಬೆಲೆ ಬರುತ್ತೆ ಅನ್ನೋದು ನನ್ನ ಲೆಕ್ಕ. ಮೈದುನ ಮಾತ್ರ ಎಲ್ಲಾ ಯೂಟ್ಯೂಬಲ್ಲಿ ಇರೋವಾಗ ಪುಸ್ತಕ ಯಾರು ತಗೋತಾರೆ ಅಂತಾನೆ.

ಕುಚ್ಚು ಕಟ್ಟೋಳು (ಹಾಸನ):

ಸರ್ಟಿಫಿಕೇಟ್ ಯಾರೂ ಕೇಳಲ್ಲ ಅಕ್ಕಾ. ನಾನು ಸೀರೆ ಕುಚ್ಚು ಕಲಿಸ್ತೀನಿ, ಬಂದೋರು ಮೊದಲು ನೋಡೋದು ನಾನು ಕಟ್ಟಿರೋ ಸೆರಗನ್ನ. ಶುರು ಮಾಡಿ. ಒಂದೇ ಮಾತು, ಫೀಸು ಮೊದಲ ದಿನವೇ ಹೇಳಿಬಿಡಿ. ಪರಿಚಯದವರು ಅಂತ ಬಿಟ್ಟಿ ಹೇಳಿಕೊಟ್ರೆ ಅವರೂ ಅರ್ಧಕ್ಕೇ ಬಿಡ್ತಾರೆ, ನಿಮಗೂ ಬೇಜಾರು.

ಮಲ್ಲೇಶ್ವರದ ಕ್ಲಾಸ್:

ಸೂಜಿಮೊನೆ ಅವರೇ, ಮನೆಯಲ್ಲೇ ಮಣಿ ಕೆಲಸ ಕಲಿಸುತ್ತಾ ಬಂದಿದ್ದೇನೆ, ಆ ಪಾಠಗಳೇ ಮುಂದೆ ಒಂದು ಸಣ್ಣ ಪುಸ್ತಕವೂ ಆದವು. ಅದಕ್ಕೇ ಒತ್ತಿ ಹೇಳುತ್ತೇನೆ: ಪುಸ್ತಕವನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಕಲಿಸಿ.

ಯಾಕೆಂದರೆ ನಿಮ್ಮ ಗ್ರಾಫು ಯಾವ ಜಾಗಕ್ಕೆ ಯಾವ ಬಣ್ಣದ ಮಣಿ ಎನ್ನುವುದನ್ನಷ್ಟೇ ಹೇಳುತ್ತದೆ. ಸೂಜಿ ಯಾವ ಕಡೆಯಿಂದ ಹೋಗಬೇಕು, ಸಾಲಿನ ಕೊನೆಯಲ್ಲಿ ಹೇಗೆ ತಿರುಗಬೇಕು, ದಾರವನ್ನು ಎಷ್ಟು ಬಿಗಿ ಹಿಡಿಯಬೇಕು, ಇದ್ಯಾವುದೂ ಅದರಲ್ಲಿಲ್ಲ. ಅದೆಲ್ಲ ನಿಮ್ಮ ಬೆರಳಿನಲ್ಲಿದೆ. ಬೆರಳಿಗೆ ಗೊತ್ತಿರುವುದನ್ನು ಬಾಯಿಗೆ ತರುವುದು ಬೇರೆಯೇ ವಿದ್ಯೆ, ಅದನ್ನು ನಿಮಗೆ ಕಲಿಸುವವರು ನಿಮ್ಮ ವಿದ್ಯಾರ್ಥಿಗಳೇ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿ ನಿಮ್ಮ ಪುಸ್ತಕಕ್ಕೆ ಒಂದು ಸಾಲು ಬೇಕು ಅಂತ ಅರ್ಥ. ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. "ಈ ಮಣಿ ಯಾಕೆ ಮೇಲೆ ಎದ್ದಿದೆ?" ಅಂದರೆ ಹಾಗೇ ಬರೆಯಿರಿ, ತಿದ್ದಿ ಚಂದ ಮಾಡಬೇಡಿ.

ಮೊದಲ ಕ್ಲಾಸಿಗೆ 11/0 ಅಳತೆಯ ಸಣ್ಣ ಮಣಿ ಕೊಡಬೇಡಿ, ಅದಕ್ಕಿಂತ ದಪ್ಪನೆಯ 8/0 ಕೊಡಿ, ಸುಮಾರು 3 ಮಿಲಿಮೀಟರ್ ಇರುತ್ತದೆ. ತಿಳಿ ಬಣ್ಣ, ಹೊಳಪಿಲ್ಲದ್ದು, ಎರಡು ಬಣ್ಣ. ಕಪ್ಪು ಮಣಿ, ಪಾರದರ್ಶಕ ಮಣಿ ಬೇಡವೇ ಬೇಡ, ಅವುಗಳಲ್ಲಿ ತೂತೂ ಕಾಣುವುದಿಲ್ಲ ದಾರವೂ ಕಾಣುವುದಿಲ್ಲ. ಬರುವವರಲ್ಲಿ ಅರ್ಧಕ್ಕರ್ಧ ಜನ ನಲವತ್ತು ದಾಟಿದವರು, ಬೆಳಕು ಚೆನ್ನಾಗಿರಲಿ. ಮೇಜಿನ ಮೇಲೆ ಕೆನೆ ಬಣ್ಣದ ದಪ್ಪ ಬಟ್ಟೆ ಹಾಸಿ, ಮಣಿ ಉರುಳುವುದಿಲ್ಲ. ಪೇಯೋಟಿಯಲ್ಲಿ ಮೊದಲ ಮೂರು ಸಾಲು ದಾಟುವವರೆಗೆ ಎಲ್ಲರಿಗೂ ತಲೆಕೆಡುತ್ತದೆ. ಹಾಗಾಗಿ ಒಂದಷ್ಟು ತುಂಡುಗಳಲ್ಲಿ ಮೊದಲ ಸಾಲುಗಳನ್ನು ನೀವೇ ಹಾಕಿಟ್ಟಿರಿ. ಅವರು ನಾಲ್ಕನೇ ಸಾಲಿಂದ ಮುಂದುವರಿಸಲಿ, ಕೈ ಪಳಗಿದ ಮೇಲೆ ಮೊದಲಿಂದ ಶುರು ಮಾಡುವುದನ್ನು ತೋರಿಸಿ. ಈ ಒಂದು ಬದಲಾವಣೆಯಿಂದ ಅಳುಮುಖ ಮಾಡಿಕೊಂಡು ಮನೆಗೆ ಹೋಗುವವರು ಬಹಳ ಕಡಿಮೆಯಾದರು.

ಎಡಗೈಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಎದುರಿಗೆ ಕೂರಿಸಿ. ನಿಮ್ಮ ಕೈ ಅವರಿಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ, ತಾನಾಗಿ ಹೊಂದಿಕೊಳ್ಳುತ್ತಾರೆ.

ಬಿಚ್ಚುವುದನ್ನೂ ಕಲಿಸಿ. ತಪ್ಪಾದಾಗ ಎಲ್ಲರೂ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಚುಚ್ಚುತ್ತಾರೆ, ಸೂಜಿ ದಾರವನ್ನೇ ಸೀಳಿಕೊಂಡು ಹೋಗುತ್ತದೆ, ಆಮೇಲೆ ಕತ್ತರಿಯೇ ಗತಿ. ದಾರದಿಂದ ಸೂಜಿ ತೆಗೆದು, ಒಂದೊಂದೇ ಮಣಿ ದಾಟಿಸಿ ದಾರವನ್ನು ಎಳೆದು ಬಿಚ್ಚಬೇಕು.

ಮತ್ತೆ, ಎಷ್ಟೇ ಆಸೆಯಾದರೂ ಅವರ ಕೆಲಸವನ್ನು ನಿಮ್ಮ ಕೈಗೆ ತೆಗೆದುಕೊಂಡು ಸರಿಮಾಡಿ ಕೊಡಬೇಡಿ. ನಿಮ್ಮದೊಂದು ತುಂಡು ಕೈಯಲ್ಲಿರಲಿ, ಅದರಲ್ಲಿ ತೋರಿಸಿ, ಅವರದನ್ನು ಅವರೇ ಮಾಡಲಿ. ಒಂದು ಕ್ಲಾಸಿಗೆ ಆರು ಜನ ಸಾಕು.

ಹವ್ಯಾಸಿ27:

ಎಲ್ಲಾ ಒಪ್ಪಿದೆ ಮೇಡಂ, ಆದ್ರೆ ಪುಸ್ತಕದ ವಿಷಯದಲ್ಲಿ ಅವರ ಮೈದುನ ಹೇಳಿದ್ದರಲ್ಲೂ ಅರ್ಥ ಇದೆ. ಚಲಿಸೋ ಕೈಯನ್ನ ನೋಡಿ ಕಲಿಯೋದು ಸುಲಭ. ಅಚ್ಚು ಹಾಕಿಸೋ ದುಡ್ಡಲ್ಲಿ ಒಳ್ಳೆ ಕ್ಯಾಮೆರಾ ಸ್ಟ್ಯಾಂಡ್, ಲೈಟು ತಗೊಂಡು ಕನ್ನಡದಲ್ಲಿ ವಿಡಿಯೊ ಮಾಡಿದ್ರೆ ಹೆಚ್ಚು ಜನಕ್ಕೆ ತಲುಪುತ್ತೆ.

ಕುಚ್ಚು ಕಟ್ಟೋಳು (ಹಾಸನ):

ವಿಡಿಯೊ ನಾನೂ ನೋಡ್ತೀನಿ ತಮ್ಮಾ. ಆದ್ರೆ ಒಂದು ಕೈಲಿ ಸೂಜಿ, ಇನ್ನೊಂದು ಕೈಲಿ ಕೆಲಸ, ಅದನ್ನ ನಿಲ್ಲಿಸೋದು ಹೇಗೆ, ಹಿಂದಕ್ಕೆ ಓಡಿಸೋದು ಹೇಗೆ? ಮೊಣಕೈಲಿ ಒತ್ತಿದ್ದೂ ಇದೆ. ಹೊಲಿಗೆ ಹೇಗೆ ಅಂತ ವಿಡಿಯೊದಲ್ಲಿ ಒಂದು ಸಲ ನೋಡಿದ್ರೆ ಸಾಕು. ಹೂವಿನ ಮೂವತ್ತನೇ ಸಾಲಲ್ಲಿ ಎಷ್ಟು ಕೆಂಪು ಎಷ್ಟು ಹಸಿರು ಅನ್ನೋದಕ್ಕೆ ಕಾಗದವೇ ಬೇಕು. ಓದಿದ ಸಾಲಿನ ಮೇಲೆ ಸ್ಕೇಲ್ ಇಟ್ಕೊಂಡು ಕೆಳಗೆ ಸರಿಸ್ತಾ ಹೋಗ್ತೀನಿ.

ಹವ್ಯಾಸಿ27:

ಅದು ನಿಜ ಅಕ್ಕಾ. ಹಾಗಾದ್ರೆ ಪುಸ್ತಕದ ಪುಟದಲ್ಲೇ ಕ್ಯೂಆರ್ ಕೋಡ್ ಹಾಕಿ, ಹೊಲಿಗೆಯ ವಿಡಿಯೊ ಅದರಲ್ಲಿ ತೆರೆಯೋ ಹಾಗೆ ಮಾಡಲಿ.

ಸೂಜಿಮೊನೆ (ದಾವಣಗೆರೆ):

ಮೇಡಂ, ನೀವು ಹೇಳಿದ್ದನ್ನ ಎರಡು ಸಲ ಓದಿದೆ. ಮೊದಲು ಪುಸ್ತಕ ಅನ್ನೋ ಹಟ ಬಿಟ್ಟೆ. ಮಣಿಯ ಬಗ್ಗೆ ಒಂದು ಪ್ರಶ್ನೆ. ಇಲ್ಲಿ ಅಂಗಡಿಯಲ್ಲಿ ಸಿಗೋ ಮಣಿ ಒಂದು ದಪ್ಪ ಒಂದು ತೆಳ್ಳಗೆ ಇರುತ್ತೆ. ನಾನು ಆರಿಸಿ ಆರಿಸಿ ಹಾಕ್ತೀನಿ, ಕಲಿಯೋರು ಹಾಗೆ ಮಾಡ್ತಾರಾ? ಕಿಟ್ ಮಾಡಿ ಕೊಡಲಾ?

ಅವೆನ್ಯೂ ರಸ್ತೆ:

ಬೆಂಗಳೂರಿನ ರಾಜಾ ಮಾರ್ಕೆಟ್ ಸುತ್ತಮುತ್ತ ಮಣಿ ವ್ಯಾಪಾರದಲ್ಲಿದ್ದೋನು ನಾನು, ಇದಕ್ಕೆ ಉತ್ತರ ಹೇಳ್ತೀನಿ.

ದಪ್ಪ ತೆಳು ಯಾಕೆ ಬರುತ್ತೆ ಅಂದ್ರೆ ಸಣ್ಣ ಮಣಿ ಅನ್ನೋದು ಗಾಜಿನ ಕೊಳವೆಯನ್ನ ಎಳೆದು, ಕತ್ತರಿಸಿ, ಮತ್ತೆ ಬಿಸಿಯಲ್ಲಿ ಅಂಚು ಗುಂಡಗೆ ಮಾಡಿದ್ದು. ಎಳೆಯೋವಾಗ ಕೊಳವೆ ಒಂದೇ ಸಮ ಬರದಿದ್ರೆ ಮಣಿಯೂ ಸಮ ಬರಲ್ಲ. ಆಂಧ್ರದಲ್ಲಿ ಶ್ರೀಕಾಳಹಸ್ತಿ ಕಡೆಯ ಪಾಪಾನಾಯುಡುಪೇಟೆಯಲ್ಲಿ ಕುಲುಮೆಯಿಂದ ಕೈಯಲ್ಲೇ ಗಾಜು ಎಳೆದು ಮಣಿ ಮಾಡೋ ಪದ್ಧತಿ ಉಳಿದುಕೊಂಡು ಬಂದಿತ್ತು. ಲಾಡ ಅನ್ನೋ ಉದ್ದನೆಯ ಕಬ್ಬಿಣದ ಕೊಳವೆಗೆ ಕಾದ ಗಾಜನ್ನ ಸುತ್ತಿ, ಕುಲುಮೆ ಒಳಗಿಟ್ಟು, ಆಚೆ ಬದಿಯಿಂದ ಎಳೆ ಎಳೆಯಾಗಿ ತೆಗೀತಿದ್ರು. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಾಗ ಸಿಕ್ಕ ಹಳೇ ಮಣಿಗಳೂ ಹೀಗೆ ಎಳೆದು ಮಾಡಿದ್ದೇ. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ ಗಾಜಿನ ಮಣಿಗೇ ಹೆಸರಾದ ಊರು.

ಗ್ರಾಫ್ ನೋಡಿ ಮಾಡೋ ಚಪ್ಪಟೆ ಕೆಲಸಕ್ಕೆ ಮಾತ್ರ ಜಪಾನಿನ ಮಿಯುಕಿ, ಟೋಹೊ ಕಂಪನಿಗಳ ಮಣಿ ಒಳ್ಳೇದು. ಮಿಯುಕಿಯ ಡೆಲಿಕಾ ಅಂತ ಬರುತ್ತಲ್ಲ, ಅದು ಸಿಲಿಂಡರ್ ಆಕಾರ, ಅಂಚು ಗುಂಡಗಿರಲ್ಲ, ಒಂದಕ್ಕೊಂದು ಅಂಟಿಕೊಂಡು ಕೂರುತ್ತೆ. ಬೆಲೆ ಜಾಸ್ತಿ, ಹಾಗಾಗಿ ಲೆಕ್ಕ ಹಾಕಿ ತಗೋಬೇಕು. 11/0 ಡೆಲಿಕಾ ಸುಮಾರು 1.6 ಮಿ.ಮೀ. ದಪ್ಪ, 1.3 ಮಿ.ಮೀ. ಉದ್ದ. ಪೇಯೋಟಿಯಲ್ಲಿ ಅಗಲಕ್ಕೆ 20 ಮಣಿ ಹಾಕಿದ್ರೆ ಪಟ್ಟಿ 2.6 ಸೆಂ.ಮೀ. ಅಗಲ ಬರುತ್ತೆ. 16 ಸೆಂ.ಮೀ. ಕೈಪಟ್ಟಿಗೆ ಒಂದೊಂದು ಕಂಬಸಾಲಿಗೆ, ಅಂದ್ರೆ ಪಟ್ಟಿಯ ಉದ್ದಕ್ಕೆ ಹೋಗೋ ಸಾಲಿಗೆ, 100 ಮಣಿ, ಒಟ್ಟು 2000. ಒಂದು ಗ್ರಾಮಿಗೆ ಹೆಚ್ಚುಕಮ್ಮಿ 200 ಬರುತ್ತೆ, ಅಂದ್ರೆ 10 ಗ್ರಾಂ. ಚೆಲ್ಲೋದಕ್ಕೆ, ಒಡೆಯೋದಕ್ಕೆ ಅಂತ 12 ಗ್ರಾಂ ಹಾಕಿ ಕಿಟ್ ಮಾಡಿ. ಕಿಟ್‌ಗಳೆಲ್ಲಾ ಒಂದೇ ಲಾಟಿನ ಮಣಿ ಆಗಿರಲಿ. ಲಾಟು ಬದಲಾದ್ರೆ ಅದೇ ನಂಬರಿನ ಬಣ್ಣವೂ ಒಂದು ಛಾಯೆ ಬೇರೆ ಬರಬಹುದು.

ಮಣಿಯ ದಪ್ಪ, ಉದ್ದ ಒಂದೇ ಅಲ್ಲ, ಅಂದ್ರೆ ಚೌಕ ಅಲ್ಲ ಅನ್ನೋದನ್ನ ಗಮನಿಸಿ. ಶಾಲೆ ಗ್ರಾಫ್ ಪುಸ್ತಕದ ಚೌಕದಲ್ಲಿ ಗುಂಡಗೆ ಬರೆದ ಹೂವು ಮಣಿಯಲ್ಲಿ ಎಳೆದ ಹಾಗೆ ಕಾಣುತ್ತೆ. ಪುಸ್ತಕಕ್ಕೆ ಹೋಗೋ ಮುಂಚೆ ಆ ಗ್ರಾಫ್‌ಗಳನ್ನ ಇಟ್ಟಿಗೆ ಜೋಡಿಸಿದ ಹಾಗೆ ಮನೆಗಳಿರೋ ಪೇಯೋಟಿ ಗ್ರಾಫ್ ಕಾಗದಕ್ಕೆ ಇಳಿಸಲೇಬೇಕು.

ಉಜಿರೆ ಕಡೆಯವ:

ಕಲಿಸಲು ಜಾಗ, ಜನ ಎರಡೂ ಬೇಕು ಎನ್ನುವವರಿಗೆ ಒಂದು ಸೂಚನೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ ವಸತಿ ಸಹಿತ ಉಚಿತ ತರಬೇತಿ. ಕೃತಕ ಆಭರಣ ತಯಾರಿಕೆ ಅವರ ಪಟ್ಟಿಯಲ್ಲಿರುವ ಕೋರ್ಸು. ಅದಕ್ಕೆ ಹೊರಗಿನಿಂದ ತರಬೇತುದಾರರನ್ನು ಕರೆಸುತ್ತಾರೆ. ನಿಮ್ಮ ಜಿಲ್ಲೆಯ ಸಂಸ್ಥೆಗೆ ಹೋಗಿ ಕೆಲಸದ ಮಾದರಿ ತೋರಿಸಿ ಕೇಳಿ. ಅಲ್ಲಿ ಬರುವವರು ದುಡಿಮೆಗಾಗಿ ಕಲಿಯುವವರು, ಅವರ ಪ್ರಶ್ನೆಗಳೇ ಬೇರೆ: ಒಂದು ಓಲೆಗೆ ಎಷ್ಟು ಹೊತ್ತು, ಎಷ್ಟಕ್ಕೆ ಮಾರಬಹುದು, ದಾರ ಕಿತ್ತರೆ ಯಾರು ಹೊಣೆ. ನಿಮ್ಮ ಪುಸ್ತಕಕ್ಕೆ ಆ ಅಧ್ಯಾಯವೂ ಸಿಗುತ್ತದೆ.

ಅಚ್ಚಿನ ಮನಿ (ಗದಗ):

ನಮಸ್ಕಾರ್ರೀ. ನಮ್ದು ಗದಗಿನ್ಯಾಗ ಸಣ್ಣ ಪ್ರಿಂಟಿಂಗ್ ಪ್ರೆಸ್ ಅದ. ಪುಸ್ತಕದ ಮಾತು ಬಂದದ್ದಕ್ಕ ಹೇಳ್ತೀನ್ರಿ.

ಕಥಿ ಕಾದಂಬರಿ ಮಾಡೋ ಡೆಮಿ 1/8 ಸೈಜ್ ಇದಕ್ಕ ಸಾಲಂಗಿಲ್ರಿ, ಚಾರ್ಟ್ ಹಿಡಿಸೂದಿಲ್ಲ. ಅದಕ್ಕಿಂತ ದೊಡ್ಡದು, ಕ್ರೌನ್ 1/4 ತಗೋರಿ. ಎಲ್ಲಾ ಪುಟಾನೂ ಬಣ್ಣದಾಗ ಹಾಕ್ಸಿದ್ರ ಬೆಲಿ ಏರತೈತಿ, ಬಡವರ ಮನಿ ಹೆಣ್ಮಕ್ಕಳು ಕೊಳ್ಳಾಕ ಆಗೂದಿಲ್ಲ. ಅದಕ್ಕ ಫೋಟೋ ಎಲ್ಲಾ ಒಂದ ಫಾರಂನ್ಯಾಗ, ಅಂದ್ರ ಒಟ್ಟಿಗೆ ಅಚ್ಚಾಗೋ ಪುಟಗಳ ಕಟ್ಟಿನ್ಯಾಗ, ಕೂಡಿಸ್ರಿ, ಅದು ಬಣ್ಣ. ಉಳಿದ ಚಾರ್ಟ್ ಕಪ್ಪು ಬಿಳುಪಿನ್ಯಾಗ, ಬಣ್ಣಕ್ಕ ಬದಲಿ ಚೌಕದಾಗ ಗುರುತು: ಚುಕ್ಕಿ, ಗುಣಾಕಾರ, ಅರ್ಧ ಕಪ್ಪು, ಹಿಂಗ. ಜೆರಾಕ್ಸ್ ಮಾಡ್ಸಿದ್ರೂ ಓದಾಕ ಬರತೈತಿ, ಬಣ್ಣ ಗುರುತು ಸಿಗದವರಿಗೂ ಅನುಕೂಲ.

ಬೈಂಡಿಂಗ್ ಮುಖ್ಯ ಐತ್ರಿ. ಅಂಟು ಹಾಕಿದ ಬೈಂಡಿಂಗ್ ಮೇಜಿನ ಮ್ಯಾಲೆ ತೆರಕೊಂಡು ನಿಲ್ಲೂದಿಲ್ಲ, ತಾನ ಮುಚ್ಚತೈತಿ. ಎರಡೂ ಕೈ ಕೆಲಸದಾಗ ಇರೂವಾಗ ಪುಸ್ತಕ ಯಾರ ಹಿಡೀಬೇಕು? ಹೊಲಿಗಿ ಬೈಂಡಿಂಗ್ ಇಲ್ಲಾ ತಂತಿ ಸುರುಳಿ ಮಾಡಸ್ರಿ.

ಇನ್ನೊಂದು. ನೀವು ಮೊಬೈಲಿನ್ಯಾಗ ಟೈಪ್ ಮಾಡಿದ್ದು ಯುನಿಕೋಡ್. ಡಿಟಿಪಿಯವರು ಭಾಳ ಮಂದಿ ಇನ್ನೂ 'ನುಡಿ' ತಂತ್ರಾಂಶದ ಹಳೇ ಫಾಂಟಿಗೆ ತಿರುಗಿಸಿ ಪುಟ ಕಟ್ಟತಾರ. ತಿರುಗಿಸುವಾಗ ಒತ್ತಕ್ಷರ ಜಾರತಾವ. ಅಕ್ಷರ ತಪ್ಪಿದ್ರ ಓದುವವರು ತಿದ್ದಿಕೊಂಡು ಓದ್ತಾರ, ಆದ್ರ 11/0 ಹೋಗಿ 10/0 ಆದ್ರ, ಆರು ಹೋಗಿ ಒಂಬತ್ತು ಆದ್ರ ಮಣಿ ಕೆಲಸನ ಕೆಡತೈತಿ. ಕರಡು ಬಂದಾಗ ಅಂಕಿಗೋಳನ್ನ ನೀವ ಕುಂತು ಒಂದೊಂದ ಬೆರಳಿಟ್ಟು ನೋಡ್ರಿ, ಮತ್ತೊಬ್ಬರ ಮ್ಯಾಲೆ ಬಿಡಬ್ಯಾಡ್ರಿ. ಮೊದಲ ಡಿಜಿಟಲ್‌ನ್ಯಾಗ ಸ್ವಲ್ಪ ಪ್ರತಿ ತಗದು ಕ್ಲಾಸಿನವರಿಗೆ ಕೊಟ್ಟು ನೋಡ್ರಿ, ತಿದ್ದುಪಡಿ ಎಲ್ಲಾ ಆದ ಮ್ಯಾಲೆ ಆಫ್‌ಸೆಟ್.

ಗ್ರಂಥಪಾಲಕಿ:

ಸ್ವಂತ ಪ್ರಕಾಶನ ಮಾಡುವವರಿಗೂ ಐಎಸ್‌ಬಿಎನ್, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಉಚಿತವಾಗಿ ಸಿಗುತ್ತದೆ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬೇಕು. ಮಾಡಿಸಿಕೊಡುತ್ತೇವೆ ಅಂತ ದುಡ್ಡು ಕೇಳುವವರಿಗೆ ಕೊಡಬೇಡಿ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಕಾಯಿದೆ ಹೇಳುವ ಇತರ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು.

ಹಕ್ಕಿನ ವಿಷಯ: 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ನಿಮ್ಮ ಬರಹ, ನೀವು ಬರೆದ ಚಾರ್ಟು, ನೀವು ತೆಗೆದ ಫೋಟೋ ಇವುಗಳಿಗೆ ರಕ್ಷಣೆ ಇದೆ, ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಹೊಲಿಗೆಯ ವಿಧಾನ ಯಾರ ಸೊತ್ತೂ ಅಲ್ಲ. ಅದೇ ಕಾರಣಕ್ಕೆ ಬೇರೆಯವರ ಪುಸ್ತಕದಿಂದ ಹೊಲಿಗೆ ಕಲಿತು ನಿಮ್ಮ ಮಾತಿನಲ್ಲಿ ಬರೆಯಬಹುದು, ಅವರ ಚಾರ್ಟನ್ನು ನಕಲು ಮಾಡಿ ಹಾಕುವಂತಿಲ್ಲ. ಮಕ್ಕಳಿಗೆ ಇಷ್ಟ ಅಂತ ಕಾರ್ಟೂನ್ ಪಾತ್ರಗಳ ಚಾರ್ಟ್ ಸೇರಿಸುವುದೂ ಅನುಮತಿ ಇಲ್ಲದೆ ಬೇಡ.

ಟೊರಾಂಟೊ ಕನ್ನಡತಿ:

ಇಲ್ಲಿ ಕೂತು ಈ ಚರ್ಚೆ ಓದಿ ತುಂಬಾ ಖುಷಿಯಾಯ್ತು. ನಾನು ಮಣಿ ಕೆಲಸ ಕಲಿತಿದ್ದು ಕೆನಡಾಕ್ಕೆ ಬಂದ ಮೇಲೆ. ಇಲ್ಲಿಯ ಮೂಲನಿವಾಸಿಗಳಲ್ಲಿ ಇದು ಬಹಳ ಗೌರವದ ವಿದ್ಯೆ, ಮೆಟಿ ಜನರ ಹೂಬಳ್ಳಿಯ ಮಣಿ ಕೆಲಸವನ್ನು ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಪಕ್ಕದ ಅಮೆರಿಕದಲ್ಲಿ ಮೂಲನಿವಾಸಿಗಳು ಮಾಡದೇ ಇದ್ದದ್ದನ್ನು ಅವರದೇ ಎಂದು ಹೇಳಿ ಮಾರುವುದು 1990ರ ಕಾಯಿದೆಯ ಪ್ರಕಾರ ಅಪರಾಧ. ಹೊಲಿಗೆ ಎಲ್ಲರದೂ ಹೌದು, ಪೇಯೋಟಿ ರೀತಿಯ ಹೆಣಿಗೆ ಪ್ರಾಚೀನ ಈಜಿಪ್ಟಿನಲ್ಲೂ ಇತ್ತು. ಆದರೆ ಒಂದು ಸಮುದಾಯ ಪೀಳಿಗೆಗಳಿಂದ ಕಾಪಾಡಿಕೊಂಡು ಬಂದ ನಮೂನೆಯನ್ನು ನನ್ನ ವಿನ್ಯಾಸ ಅಂತ ಅಚ್ಚು ಹಾಕಿಸುವುದು ಸರಿಯಲ್ಲ.

ಅಮೆರಿಕದ ಬಾಲ್ಟಿಮೋರ್‌ನ ಮಣಿ ಕಲಾವಿದೆ ಜಾಯ್ಸ್ ಸ್ಕಾಟ್ ಅವರ ಕೆಲಸವನ್ನು ಬಿಡುವಿದ್ದಾಗ ನೋಡಿ. ಅವರ ತಾಯಿ ಕೌದಿಯಂಥ ಕ್ವಿಲ್ಟ್‌ಗಳಿಗೆ ಹೆಸರಾದವರು. ಮಗಳು ಅದೇ ಪುಟ್ಟ ಮಣಿಗಳಲ್ಲಿ ವರ್ಣಭೇದ, ಹಿಂಸೆಯಂಥ ವಿಷಯಗಳ ಶಿಲ್ಪಗಳನ್ನೇ ಕಟ್ಟಿದ್ದಾರೆ. 2016ರಲ್ಲಿ ಅವರಿಗೆ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಹೋದಲ್ಲೆಲ್ಲ ತಾಯಿಯ ಹೆಸರು ಹೇಳುತ್ತಾರೆ. ನಿಮ್ಮ ಪುಸ್ತಕದಲ್ಲೂ ನಿಮ್ಮ ಅತ್ತೆಯ ಹೆಸರು ಬರಲಿ ಅಂತ ನನ್ನ ಆಸೆ.

ಅಂಕೋಲಾ:

ಈ ಮಾತನ್ನ ಒತ್ತಿ ಹೇಳ್ತೇನೆ. ನಮ್ಮ ಕಡೆ ಹಾಲಕ್ಕಿ ಒಕ್ಕಲು ಹೆಂಗಸರ ಕೊರಳಲ್ಲಿ ಕರಿಮಣಿ ಸರಗಳ ರಾಶಿಯೇ ಇರ್ತದೆ. ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಫೋಟೋ ನೋಡಿದವರಿಗೆಲ್ಲ ಗೊತ್ತು. ಈಚೆಗೆ ಅಂಥದ್ದನ್ನ 'ಟ್ರೈಬಲ್' ಅಂತ ಹೆಸರಿಟ್ಟು ಮಾರ್ತಾರೆ, ಯಾವ ಊರು ಯಾವ ಜನ ಅಂತ ಒಂದಕ್ಷರ ಇರೂದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ರಿಂದ ಅವರ ಹೆಸರಾದ್ರೂ ಉಳೀತು. ಹಾಗೆ ಏನೂ ಇಲ್ಲದ ಕೆಲಸಗಳಿಗೆ ಬರೆಯುವವರ ಪ್ರಾಮಾಣಿಕತೆ ಒಂದೇ ರಕ್ಷಣೆ. ಯಾರ ಹತ್ರ ಕಲಿತಿದ್ದು, ಯಾವ ಊರು ಅಂತ ನಮೂನೆಯ ಕೆಳಗೇ ಬರೀರಿ, ಅವರನ್ನ ಕೇಳಿ ಬರೀರಿ, ಪುಸ್ತಕ ಮಾರಾಟ ಆದ್ರೆ ಅವರಿಗೂ ಪಾಲು ಕೊಡಿ.

ಸೂಜಿಮೊನೆ (ದಾವಣಗೆರೆ):

ಎಲ್ಲರಿಗೂ ಕೈ ಮುಗೀತೀನಿ. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ತೋರಣದ ಮಾವಿನೆಲೆ ನಮೂನೆ ಅವರ ಚಿಕ್ಕಮ್ಮಂದು, ಹರಿಹರದೋರು. ಆ ಹೆಸರು ಹಾಕು, ನಂದು ಆಮೇಲೆ ಅಂದ್ರು.

ನಮ್ಮ ಮನೆಯಲ್ಲೇ ಕ್ಲಾಸ್ ಶುರು ಮಾಡಿದೀನಿ. ಮಲ್ಲೇಶ್ವರದ ಮೇಡಂ ಹೇಳಿದ ಹಾಗೆ ಪ್ರಶ್ನೆಗಳನ್ನ ಬರೆದುಕೊಂಡು ಅದರಿಂದಲೇ ಮೊದಲ ಪಾಠ ಬರೆದೆ. ಮಣಿ ಇರೋರು ಯಾರಾದ್ರೂ ಇದನ್ನ ಓದಿ, ಬೇರೆ ಏನೂ ನೋಡದೆ ಮಾಡಿ ಹೇಳ್ತೀರಾ?

"8/0 ಮಣಿ, ಬಿಳಿ ಮತ್ತು ನೀಲಿ. ಒಂದು ಮಾರು ದಾರ, 10ನೇ ನಂಬರ್ ಸೂಜಿ. ದಾರದ ತುದಿಯಿಂದ ಒಂದು ಗೇಣು ಬಿಟ್ಟು ಬೇರೆ ಬಣ್ಣದ ಒಂದು ಮಣಿ ಪೋಣಿಸಿ, ಅದರೊಳಗೇ ಇನ್ನೊಂದು ಸಲ ಸೂಜಿ ಹಾಯಿಸಿ ಎಳೆಯಿರಿ. ಇದು ತಡೆಮಣಿ, ಉಳಿದವು ಜಾರದ ಹಾಗೆ ತಡೆಯುತ್ತದೆ. ಈಗ ಬಿಳಿ, ನೀಲಿ, ಬಿಳಿ, ನೀಲಿ ಹೀಗೆ ಒಟ್ಟು 8 ಮಣಿ ಪೋಣಿಸಿ. ಇವೇ ಮೊದಲ ಎರಡು ಸಾಲು. ಮೂರನೇ ಸಾಲು: ಒಂದು ನೀಲಿ ತೆಗೆದುಕೊಳ್ಳಿ, ಕೊನೆಯ ನೀಲಿಯನ್ನು ಬಿಟ್ಟು ಅದರ ಹಿಂದಿನ ಬಿಳಿಯೊಳಗೆ ಸೂಜಿ ಹಾಯಿಸಿ. ಹೀಗೇ ನೀಲಿಯನ್ನು ಬಿಟ್ಟು ಬಿಳಿಯೊಳಗೆ, ಸಾಲಿನ ಕೊನೆಯವರೆಗೆ. ನಾಲ್ಕು ನೀಲಿ ಸೇರುತ್ತವೆ. ನಾಲ್ಕನೇ ಸಾಲು: ಒಂದು ಬಿಳಿ ತೆಗೆದುಕೊಂಡು, ಮೇಲೆ ಎದ್ದಿರುವ ನೀಲಿಯೊಳಗೆ ಹಾಯಿಸಿ."

ಹವ್ಯಾಸಿ27:

ನಮ್ಮಮ್ಮನ ಡಬ್ಬಿಯಿಂದ ಮಣಿ ತಗೊಂಡು ಕೂತೆ, ಸೂಜಿ ಹಿಡಿದಿದ್ದು ಇದೇ ಮೊದಲು. ಎರಡು ಕಡೆ ನಿಂತೆ. ಮೂರನೇ ಸಾಲಲ್ಲಿ ಮಣಿಗಳೆಲ್ಲಾ ಗಿರ್ರನೆ ತಿರುಗಿಕೊಂಡು ಯಾವುದು ಹಿಂದಿನದು ಅಂತಲೇ ತಿಳೀಲಿಲ್ಲ. ಆಮೇಲೆ ಮೂರನೇ ಸಾಲು ಮುಗಿದಾಗ ನನ್ನ ಸೂಜಿ ತಡೆಮಣಿ ಪಕ್ಕ ಬಂತು. ಈಗ ತಡೆಮಣಿಯೊಳಗೂ ಹೋಗಬೇಕಾ?

ಮಲ್ಲೇಶ್ವರದ ಕ್ಲಾಸ್:

ನೋಡಿ, ಇದೇ ನಾನು ಹೇಳಿದ್ದು. ಇವೆರಡೂ ಪ್ರಶ್ನೆ ಹೊಲಿಗೆ ಗೊತ್ತಿದ್ದವರ ತಲೆಗೆ ಹೊಳೆಯುವುದೇ ಇಲ್ಲ.

ಸೂಜಿಮೊನೆ (ದಾವಣಗೆರೆ):

ತಮ್ಮಾ, ತಡೆಮಣಿಯೊಳಗೆ ಹೋಗಬೇಡ. ಬಿಳಿ ತಗೊಂಡು ಸೀದಾ ವಾಪಸ್ ತಿರುಗಿ, ಕೊನೆಗೆ ಹಾಕಿದ ನೀಲಿಯೊಳಗೆ ಹಾಯಿಸು. ಎರಡು ಸಾಲು ಸೇರಿಸಿದೀನಿ, ನೋಡು:

"ಮೂರನೇ ಸಾಲು ಹಾಕುವಾಗ ಮಣಿಗಳನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ, ಒಂದೊಂದು ಮಣಿ ಸೇರಿದಂತೆ ಬೆರಳನ್ನು ಸರಿಸಿ. ಸಾಲು ಮುಗಿದ ಮೇಲೆ ದಾರದ ಎರಡೂ ತುದಿಗಳನ್ನು ಎದುರು ಬದಿಗೆ ಎಳೆದರೆ ಮಣಿಗಳು ಒಂದು ಮೇಲೆ ಒಂದು ಕೆಳಗೆ ಕೂರುತ್ತವೆ. ತಡೆಮಣಿಯೊಳಗೆ ಸೂಜಿ ಹಾಯಿಸಬೇಡಿ, ಅದನ್ನು ಕೊನೆಯಲ್ಲಿ ಬಿಚ್ಚುತ್ತೇವೆ."

ಎಡಗೈಯೋರಿಗೆ 'ಎಡಗೈ ಹೆಬ್ಬೆರಳು' ಅಂದ್ರೆ ಗೊಂದಲ ಆಗುತ್ತೆ ಅಂತ ಈಗ ಬರೀತಾ ಹೊಳೀತು. 'ಸೂಜಿ ಹಿಡಿಯದ ಕೈ' ಅಂತ ಬದಲಾಯಿಸ್ತೀನಿ. ಮಾಡಿ ನೋಡಿ ಹೇಳು.

ಹವ್ಯಾಸಿ27:

ಆಯ್ತು ಅಕ್ಕಾ, ನಾಲ್ಕನೇ ಸಾಲು ಕೂತಿದೆ. ಐದನೇ ಸಾಲಿಗೆ ನೀಲಿನಾ ಬಿಳಿನಾ ಅಂತ ಬರೆದಿಲ್ಲ.